ತಂತಿ, ವೋಲ್ಟೇಜ್, ಗಮಕ



ಹಳೆಯ ರೇಡಿಯೋದಲ್ಲಿ ರಾತ್ರಿ ಹೊತ್ತು ಶಾರ್ಟ್‌ವೇವ್ ಸ್ಟೇಷನ್ ಹುಡುಕಿದವರಿಗೆ ಆ ಸಿಳ್ಳೆ ನೆನಪಿರುತ್ತದೆ. ಮುಳ್ಳು ತಿರುಗಿಸಿದಂತೆ ಸಣ್ಣ ದನಿಯೊಂದು ಮೇಲಿನಿಂದ ಜಾರುತ್ತಾ ಬಂದು, ತಳ ಮುಟ್ಟಿ, ಮತ್ತೆ ಮೇಲೇರಿ ಮಾಯವಾಗುತ್ತಿತ್ತು. ಅದನ್ನು ಯಾರೂ ಹಾಡಿದ್ದಲ್ಲ, ಯಾರೂ ನುಡಿಸಿದ್ದಲ್ಲ. ಕಿವಿಗೆ ನಿಲುಕದ ವೇಗದಲ್ಲಿ ಕಂಪಿಸುವ ಎರಡು ವಿದ್ಯುತ್ ಅಲೆಗಳು ಸೆಟ್ಟಿನೊಳಗೆ ಕೂಡಿದಾಗ ಅವೆರಡರ ಅಂತರವೇ ಸ್ವರವಾಗಿ ಕೇಳುತ್ತಿತ್ತು. ರಷ್ಯಾದ ಲಿಯೋನ್ ಥೆರೆಮಿನ್ 1920ರಲ್ಲಿ ಇದೇ ತತ್ತ್ವದ ಮೇಲೆ ವಾದ್ಯವೊಂದನ್ನು ಕಟ್ಟಿದರು. ಅದನ್ನು ಮುಟ್ಟುವಂತಿಲ್ಲ. ಆಂಟೆನಾದ ಮುಂದೆ ಗಾಳಿಯಲ್ಲಿ ಕೈ ಆಡಿಸಿದರೆ ಸ್ವರ ಏರುತ್ತದೆ, ಇಳಿಯುತ್ತದೆ, ನಡುವೆ ಎಲ್ಲಿಯೂ ಮುರಿಯದೆ ಜಾರುತ್ತದೆ.

ನ್ಯೂಯಾರ್ಕಿನಲ್ಲಿ ಬೆಳೆದ ರಾಬರ್ಟ್ ಮೋಗ್ ಇನ್ನೂ ಹುಡುಗನಾಗಿದ್ದಾಗಲೇ ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿ ಮನೆಯಲ್ಲಿ ಥೆರೆಮಿನ್ ಕಟ್ಟಿದರು. 1954ರಲ್ಲಿ ತಂದೆಯ ಜೊತೆ ಸೇರಿ ಅವನ್ನು ಮಾರತೊಡಗಿದರು. ಹತ್ತು ವರ್ಷಗಳ ನಂತರ, 1964ರಲ್ಲಿ, ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರರ ಜೊತೆ ಕೂತು ಕಟ್ಟಿದ್ದೇ ಇಂದು ಲೋಕವೆಲ್ಲ ಬಲ್ಲ ಮೋಗ್ ಸಿಂಥಸೈಜರ್. ಅದರ ಮುಂದೆ ಪಿಯಾನೋದ ಹಾಗೆ ಕಪ್ಪು ಬಿಳಿ ಮನೆಗಳ ಕೀಬೋರ್ಡ್ ಇತ್ತು. ಜಾರುವ ಸ್ವರದ ವಾದ್ಯದಿಂದ ಹೊರಟವರು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ವಾದ್ಯಕ್ಕೆ ಬಂದು ಮುಟ್ಟಿದ್ದರು. ಅಲ್ಲಿನ ಸಂಗೀತಗಾರರ ಕೈಗೆ ಪಳಗಿದ್ದು ಅದೇ. ಹಾಗಾಗಿ ಆ ಆಯ್ಕೆ ಅವರಿಗೆ ಸಹಜವಾಗಿತ್ತು.

ನಮಗೆ ಅದೇ ಆಯ್ಕೆ ಬೇಕಾಗಿಲ್ಲ ಎಂಬುದು ನನ್ನ ಮಾತು. ಅನಲಾಗ್ ಸಿಂಥಸೈಜರ್ ಎಂದರೆ ಕೀಬೋರ್ಡ್ ಅಲ್ಲ. ಅದು ವೋಲ್ಟೇಜನ್ನು ಸ್ವರವಾಗಿಸುವ ಯಂತ್ರ. ವೋಲ್ಟೇಜಿಗೆ ಹನ್ನೆರಡು ಮನೆಗಳಿಲ್ಲ. 1.2 ವೋಲ್ಟಿನಿಂದ 1.3 ವೋಲ್ಟಿಗೆ ಹೋಗುವಾಗ ಅದು ನಡುವಿನ ಪ್ರತಿಯೊಂದು ಬಿಂದುವನ್ನೂ ಹಾದುಹೋಗುತ್ತದೆ. ಸ್ವರಕ್ಕಿಂತ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ದೊಡ್ಡದೆಂದು ನಂಬಿದ ಸಂಗೀತ ನಮ್ಮದು. ಆದ್ದರಿಂದ ಮನೆಯಲ್ಲಿ ಸಿಂಥಸೈಜರ್ ಕಟ್ಟಲು ಹೊರಟ ಕನ್ನಡಿಗ ಆ ದಾರಿಯನ್ನು, ಅಂದರೆ ಗಮಕವನ್ನು, ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಬೇಕು.

ಹೀಗೆ ಯೋಚಿಸಿದವರು ಮೊದಲೂ ಇದ್ದರು. ಕೆನಡಾದ ಹ್ಯೂ ಲೆ ಕೇನ್ ಭೌತವಿಜ್ಞಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಮೇಲೆ ಕೆಲಸ ಮಾಡಿದವರು. 1945ರಲ್ಲಿ, ಕಚೇರಿ ಕೆಲಸದಾಚೆಯ ಹೊತ್ತಿನಲ್ಲಿ, ಸ್ವಂತ ಆಸಕ್ತಿಯಿಂದ ಒಂದು ವಾದ್ಯ ಕಟ್ಟಲು ತೊಡಗಿ 1948ರ ಹೊತ್ತಿಗೆ ಮುಗಿಸಿದರು. ಎಲೆಕ್ಟ್ರಾನಿಕ್ ಸ್ಯಾಕ್‌ಬಟ್ ಎಂದು ಅದರ ಹೆಸರು. ಅದಕ್ಕೂ ಕೀಬೋರ್ಡ್ ಇತ್ತು, ಆದರೆ ಮನೆಯನ್ನು ಪಕ್ಕಕ್ಕೆ ಒತ್ತಿದರೆ ಸ್ವರ ಬಾಗುತ್ತಿತ್ತು, ಕೆಳಕ್ಕೆ ಗಟ್ಟಿಯಾಗಿ ಒತ್ತಿದರೆ ದನಿ ಜೋರಾಗುತ್ತಿತ್ತು, ಎಡಗೈ ನಾದದ ಗುಣವನ್ನು ಬದಲಿಸುತ್ತಿತ್ತು. ಮೋಗ್‌ಗಿಂತ ಸುಮಾರು ಹದಿನಾರು ವರ್ಷ ಮೊದಲೇ ಅಲ್ಲಿ ವೋಲ್ಟೇಜ್ ಸ್ವರವನ್ನು ಆಳುತ್ತಿತ್ತು. ಅದಕ್ಕೂ ಹಿಂದೆ, 1930ರಲ್ಲಿ ಬರ್ಲಿನ್ನಿನಲ್ಲಿ, ಫ್ರೀಡ್ರಿಶ್ ಟ್ರಾಟ್‌ವೈನ್ ಕೀಬೋರ್ಡನ್ನೇ ಬಿಟ್ಟರು. ಲೋಹದ ಪಟ್ಟಿಯ ಮೇಲೆ ಬಿಗಿದ ಒಂದು ತಂತಿ. ಬೆರಳು ಒತ್ತಿದ ಜಾಗಕ್ಕೆ ತಕ್ಕ ಸ್ವರ. ಟ್ರಾಟೋನಿಯಂ ಎಂಬ ಆ ವಾದ್ಯದ ಮುಂದಿನ ರೂಪವನ್ನು ಆಸ್ಕರ್ ಸಾಲಾ ಜೀವನವಿಡೀ ನುಡಿಸಿದರು. ಹಿಚ್‌ಕಾಕ್ ಅವರ ‘ದಿ ಬರ್ಡ್ಸ್’ ಚಿತ್ರದ ಹಕ್ಕಿಗಳ ಚೀರಾಟ ಹುಟ್ಟಿದ್ದು ಅದರಲ್ಲಿಯೇ.

ನಮ್ಮ ದೇಶಕ್ಕೆ ಮೋಗ್ ಬಂದದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಜೋಡಿಸಿದರು. ಗೀತಾ ಸಾರಾಭಾಯಿ, ಜಿನರಾಜ್ ಜೋಶಿಪುರ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ ಅದರಲ್ಲಿ ಮಾಡಿದ ಧ್ವನಿಮುದ್ರಣಗಳು ದಶಕಗಳ ಕಾಲ ಟೇಪುಗಳಲ್ಲಿ ಮಲಗಿದ್ದು, ಈಚೆಗೆ ಆಲ್ಬಮ್ಮಾಗಿ ಹೊರಬಂದಿವೆ. ಮುಂಬಯಿಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಯಂತ್ರಗಳಲ್ಲಿ ನುಡಿಸಿ ರೆಕಾರ್ಡ್ ಹೊರತಂದರು. ಅವುಗಳಲ್ಲಿ ಟಿಬಿ-303 ಎಂಬ ಸಣ್ಣ ಪೆಟ್ಟಿಗೆಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯವಿತ್ತು. ಗಿಟಾರ್ ವಾದಕನಿಗೆ ಬೇಸ್ ಜೊತೆ ಕೊಡಲೆಂದು ಮಾಡಿದ ಪೆಟ್ಟಿಗೆಯಲ್ಲಿ ರಾಗದ ಜಾರು ಕೇಳಿದ ಕಿವಿಗೆ ನಾನು ಕೈಮುಗಿಯುತ್ತೇನೆ. ಬೆಂಗಳೂರಿನ ಕೊಡುಗೆ ಇನ್ನೂ ಹತ್ತಿರದ್ದು. ಇಂಜಿನಿಯರೂ ಕೊಳಲು ವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ ರೂಪಿಸಿದ ರಾಡೆಲ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಕಾಣದ ಸಂಗೀತದ ಮನೆಗಳು ನಮ್ಮಲ್ಲಿ ಕಡಿಮೆ.

ಈಗ ಕಟ್ಟುವ ವಿಚಾರ.

ಮೊದಲ ದನಿಗೆ ಹೆಚ್ಚೇನೂ ಬೇಡ. 40106 ಎಂಬ ಐಸಿ, 0.1 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್, ನೂರು ಕಿಲೋ ಓಮ್‌ನ ಒಂದು ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್), ಅದರ ಜೊತೆ ಸಾಲಾಗಿ ಹತ್ತು ಕಿಲೋ ಓಮ್‌ನ ಒಂದು ರೆಸಿಸ್ಟರ್, 9 ವೋಲ್ಟಿನ ಬ್ಯಾಟರಿ. ಬ್ರೆಡ್‌ಬೋರ್ಡಿನ ಮೇಲೆ ಇವನ್ನು ಚುಚ್ಚಿ, ಹೊರಬರುವ ಸಂಕೇತವನ್ನು ದೊಡ್ಡ ರೆಸಿಸ್ಟರ್ ಮೂಲಕ ಇಳಿಸಿ ಆಂಪ್ಲಿಫೈಯರಿಗೆ ಕೊಟ್ಟರೆ, ಪಾಟ್ ತಿರುಗಿಸಿದಂತೆ ದನಿ ಮಂದ್ರದಿಂದ ತಾರಕ್ಕೆ ಏರುತ್ತದೆ. ಮಕ್ಕಳ ಕೈಗೂ ಕೊಡಬಹುದಾದ ಕೆಲಸ ಇದು. ಆದರೆ ಇದಕ್ಕೆ ಶ್ರುತಿಜ್ಞಾನವಿಲ್ಲ. ಇದನ್ನು ವಾದ್ಯವಾಗಿಸಬೇಕಾದರೆ ವೋಲ್ಟೇಜಿಗೂ ಸ್ವರಕ್ಕೂ ಗಟ್ಟಿಯಾದ ಒಪ್ಪಂದವಾಗಬೇಕು.

ನಿಜವಾದ ಆಸಿಲೇಟರಿನ, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟಿನ, ಹೃದಯ ಒಂದು ಕಂಡೆನ್ಸರ್. ನಲ್ಲಿಯ ಕೆಳಗಿಟ್ಟ ಕೊಡದ ಹಾಗೆ ಅದು ಒಂದೇ ಸಮನಾದ ಕರೆಂಟಿನಲ್ಲಿ ತುಂಬುತ್ತಾ ಹೋಗುತ್ತದೆ, ಕಂಠಮಟ್ಟಕ್ಕೆ ಬಂದೊಡನೆ ಒಂದು ಟ್ರಾನ್ಸಿಸ್ಟರ್ ಅದನ್ನು ಥಟ್ಟನೆ ಬರಿದು ಮಾಡುತ್ತದೆ, ಮತ್ತೆ ತುಂಬತೊಡಗುತ್ತದೆ. ಕರೆಂಟ್ ಹೆಚ್ಚಿಸಿದರೆ ಬೇಗ ತುಂಬುತ್ತದೆ, ಸ್ವರ ಏರುತ್ತದೆ. ಒಂದು ನ್ಯಾನೋಫ್ಯಾರಡ್ ಕಂಡೆನ್ಸರನ್ನು 5 ವೋಲ್ಟಿಗೆ ಸೆಕೆಂಡಿಗೆ 440 ಸಲ ತುಂಬಿಸಲು ಬೇಕಾದದ್ದು ಬರೀ 2.2 ಮೈಕ್ರೋಆಂಪಿಯರ್. ಅಗ್ಗದ ಸೆರಾಮಿಕ್ ಕಂಡೆನ್ಸರ್ ಇಲ್ಲಿ ನಡೆಯದು, ಶಾಖಕ್ಕೆ ಅದರ ಮೌಲ್ಯ ಬದಲಾಗಿ ಸ್ವರವೂ ಕದಲುತ್ತದೆ. ಪಾಲಿಸ್ಟೈರಿನ್ ಅಥವಾ ಸಿ-ಸೊನ್ನೆ-ಜಿ ಜಾತಿಯದ್ದನ್ನೇ ಕೇಳಿ ತನ್ನಿ. ಹೀಗೆ ಹುಟ್ಟುವ ಅಲೆ ಗರಗಸದ ಹಲ್ಲಿನ ಆಕಾರದ್ದು. ಅದರಲ್ಲಿ ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಹೀಗೆ ಎಲ್ಲ ಉಪಸ್ವರಗಳೂ ಇರುತ್ತವೆ. ತಂಬೂರಿ ಮೀಟಿದಾಗ ತಾನಾಗಿ ಹೊಮ್ಮುವ ಅಂತರ ಗಾಂಧಾರ ಅದೇ ಐದನೆಯದು. ಅಂದರೆ ನಿಮ್ಮ ಬ್ರೆಡ್‌ಬೋರ್ಡಿನ ಗರಗಸದ ಅಲೆಯಲ್ಲೂ ಆ ಸ್ವಯಂಭೂ ಗಾಂಧಾರ ಕೂತಿದೆ.

ಮುಂದಿನದು ಇಡೀ ಕೆಲಸದ ಅತ್ಯಂತ ಸ್ವಾರಸ್ಯದ ಭಾಗ, ಅತ್ಯಂತ ಕಷ್ಟದ್ದೂ ಹೌದು. ಮಧ್ಯ ಷಡ್ಜ ಸೆಕೆಂಡಿಗೆ 130 ಕಂಪನವಾದರೆ ತಾರ ಷಡ್ಜ 260, ಅದರ ಮೇಲಿನದು 520. ಮೊದಲ ಸ್ಥಾಯಿಗೆ 130ರ ಜಿಗಿತ, ಎರಡನೆಯದಕ್ಕೆ 260ರ ಜಿಗಿತ. ಆದರೂ ಕಿವಿಗೆ ಎರಡೂ ಒಂದೇ ಅಳತೆ. ನಮ್ಮ ಕಿವಿ ಕೂಡುವುದಿಲ್ಲ, ಗುಣಿಸುತ್ತದೆ. ಹಾಗಾಗಿ ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರಬೇಕು ಎಂಬ ಕಟ್ಟಳೆಯನ್ನು ಮೋಗ್ ಬಳಕೆಗೆ ತಂದರು. ಪ್ರತಿ ವೋಲ್ಟಿಗೂ ಕರೆಂಟ್ ಇಮ್ಮಡಿಯಾಗಬೇಕು. ಈ ಇಮ್ಮಡಿಸುವ ಗಣಿತವನ್ನು ಟ್ರಾನ್ಸಿಸ್ಟರ್ ಹುಟ್ಟುಗುಣವಾಗಿಯೇ ಬಲ್ಲದು. ಅದರ ಬೇಸ್ ಮತ್ತು ಎಮಿಟರ್ ನಡುವಿನ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಏರಿದರೆ ಕರೆಂಟ್ ಎರಡರಷ್ಟಾಗುತ್ತದೆ. ಒಂದು ವೋಲ್ಟನ್ನು ಎರಡು ರೆಸಿಸ್ಟರುಗಳಿಂದ 18 ಮಿಲಿವೋಲ್ಟಿಗೆ ಇಳಿಸಿಕೊಟ್ಟರೆ ಸ್ಥಾಯಿ ಸಿಕ್ಕಿತು. ಒಂದೆರಡು ರೂಪಾಯಿಯ ಬಿಸಿ547 ಟ್ರಾನ್ಸಿಸ್ಟರಿನೊಳಗೆ ಸ್ಥಾಯಿಯ ಸೂತ್ರವೇ ಅಡಗಿರುವುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಆದರೆ ಅದೇ ಟ್ರಾನ್ಸಿಸ್ಟರ್ ಶಾಖಕ್ಕೆ ಬಲು ಬೇಗ ಅಲುಗುತ್ತದೆ. ಅದೇ ಕರೆಂಟ್ ಹರಿಯಲು ಬೇಕಾದ ವೋಲ್ಟೇಜ್ ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಸ್ಥಾಯಿಗೆ 18 ಮಿಲಿವೋಲ್ಟ್ ಎಂದ ಮೇಲೆ 2 ಮಿಲಿವೋಲ್ಟ್ ಎಂದರೆ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು. ಯಾರೋ ಫ್ಯಾನ್ ಹಾಕಿದರೆ ಷಡ್ಜ ಹೋಯಿತು! ಇದಕ್ಕೆ ಮದ್ದು ಜೋಡಿ. ಒಂದೇ ಗುಣದ ಎರಡು ಟ್ರಾನ್ಸಿಸ್ಟರುಗಳನ್ನು ಎದುರುಬದುರಾಗಿ ಹೂಡಿದರೆ ಒಂದರ ಅಲುಗಾಟವನ್ನು ಇನ್ನೊಂದು ಕಳೆಯುತ್ತದೆ. ಒಂದೇ ಕರೆಂಟ್ ಹರಿಸಿ ಒಂದೊಂದರ ವೋಲ್ಟೇಜ್ ಅಳೆದು, ಹತ್ತಿರ ಹತ್ತಿರ ಬಂದ ಎರಡನ್ನು ಆರಿಸಿ. ಅಳೆಯುವಾಗ ಬೆರಳಿನಿಂದ ಮುಟ್ಟಬೇಡಿ, ಮೈಬಿಸಿಯೇ ಲೆಕ್ಕ ಕೆಡಿಸುತ್ತದೆ. ಆರಿಸಿದ ಮೇಲೆ ಎರಡರ ಚಪ್ಪಟೆ ಮುಖಗಳನ್ನು ಅಂಟಿಸಿ, ಎರಡೂ ಒಂದೇ ಬಿಸಿಯಲ್ಲಿರುವ ಹಾಗೆ ನೋಡಿಕೊಳ್ಳಿ.

ಇಷ್ಟಾದರೂ ಒಂದು ದೋಷ ಉಳಿಯುತ್ತದೆ. ಆ 18 ಮಿಲಿವೋಲ್ಟ್ ಎಂಬುದೇ ಶಾಖದ ಜೊತೆ ಡಿಗ್ರಿಗೆ ನೂರಕ್ಕೆ ಮೂರನೆಯ ಒಂದರಷ್ಟು ಹಿಗ್ಗುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ಶ್ರುತಿ ಮಾಡಿದ ವಾದ್ಯ ಮಧ್ಯಾಹ್ನ 30 ಡಿಗ್ರಿಯಲ್ಲಿ ಮೂರು ಸ್ಥಾಯಿ ಮೇಲೆ ಹೋದಾಗ ಒಂದು ಸ್ವರಸ್ಥಾನಕ್ಕೂ ಹೆಚ್ಚು ತಗ್ಗಿರುತ್ತದೆ. ಶಾಖಕ್ಕೆ ತಕ್ಕಂತೆ ತಾನೂ ಬೆಳೆಯುವ ವಿಶೇಷ ರೆಸಿಸ್ಟರ್ ಸಿಗುತ್ತದೆ. ಡಿಗ್ರಿಗೆ ಹತ್ತು ಲಕ್ಷಕ್ಕೆ 3300 ಭಾಗ ಎಂದು ಅದರ ಗುರುತು. ವೋಲ್ಟೇಜನ್ನು ಇಳಿಸುವ ಜಾಗದಲ್ಲಿ ಅದನ್ನು ಟ್ರಾನ್ಸಿಸ್ಟರ್ ಜೋಡಿಗೆ ತಾಗಿಸಿ ಕೂರಿಸಬೇಕು. ಕಲಬುರಗಿ, ರಾಯಚೂರಿನ ಕಡೆ ಕೇಳುತ್ತಿರುವವರು ಇದನ್ನು ಯಾವ ಕಾರಣಕ್ಕೂ ಕೈಬಿಡಬಾರದು.

ಫಿಲ್ಟರ್ ಮತ್ತು ಉಳಿದ ಭಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಉಪಸ್ವರಗಳನ್ನು ಮೇಲಿನಿಂದ ಸವರಿಹಾಕುವುದು ಫಿಲ್ಟರಿನ ಕೆಲಸ. ನಮ್ಮ ಬಾಯಿ ಮಾಡುವುದೂ ಇದನ್ನೇ. ಗಂಟಲಿನ ನಾದ ಒಂದೇ ಇದ್ದರೂ ತುಟಿ ನಾಲಿಗೆಗಳ ಆಕಾರ ಬದಲಾದರೆ ‘ಊ’ ಹೋಗಿ ‘ಆ’ ಆಗುತ್ತದೆ. ಮೋಗ್ ಅವರ ಏಣಿ ಫಿಲ್ಟರಿನಲ್ಲಿ ಟ್ರಾನ್ಸಿಸ್ಟರ್ ಜೋಡಿಗಳು ಏಣಿಯ ಮೆಟ್ಟಿಲಿನಂತೆ ನಾಲ್ಕು ಹಂತದಲ್ಲಿ ನಿಂತಿರುತ್ತವೆ. ಅದರ ಪೇಟೆಂಟ್ 1969ರಲ್ಲಿ ಬಂತು, ಕಾಲ ತೀರಿ ಯಾವಾಗಲೋ ಎಲ್ಲರದ್ದಾಗಿದೆ. ದನಿ ಎಷ್ಟು ಬೇಗ ಏಳಬೇಕು, ಎಷ್ಟು ಹೊತ್ತು ನಿಲ್ಲಬೇಕು, ಹೇಗೆ ಆರಬೇಕು ಎಂಬುದನ್ನು ಎನ್ವಲಪ್ ಎಂಬ ಇನ್ನೊಂದು ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ವೀಣೆಯ ಮೀಟು ಥಟ್ಟನೆ ಎದ್ದು ಮೆಲ್ಲಗೆ ಕರಗುತ್ತದೆ. ನಾಗಸ್ವರದ ದನಿ ಉಸಿರಿರುವಷ್ಟು ಹೊತ್ತೂ ನಿಲ್ಲುತ್ತದೆ. ಎರಡೂ ನಾಲ್ಕು ಪಾಟ್‌ಗಳ ತಿರುಗಾಟದಲ್ಲಿ ಸಾಧ್ಯ. ದನಿಯ ಏರಿಳಿತಕ್ಕೆ ಎಲ್ಎಂ13700 ಐಸಿ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಂತಹ ಬಜಾರುಗಳಲ್ಲಿ ಇವೆಲ್ಲ ಸಿಗುತ್ತವೆ. ತಯಾರಿಕೆ ನಿಂತುಹೋದ ಹಳೆಯ ಐಸಿಗಳ ಹೆಸರಿನಲ್ಲಿ ಮಾತ್ರ ಮೈ ಉಜ್ಜಿ ಹೊಸ ಅಕ್ಷರ ಅಚ್ಚೊತ್ತಿದ ಸರಕೂ ಬಜಾರಿನಲ್ಲಿ ಓಡಾಡುತ್ತದೆ. ಇಂದಿಗೂ ತಯಾರಾಗುತ್ತಿರುವ ಭಾಗಗಳನ್ನೇ ನಂಬಿ ನಕ್ಷೆ ಹಾಕಿಕೊಳ್ಳುವುದು ಕ್ಷೇಮ.

ಇನ್ನು ಕೀಬೋರ್ಡಿನ ಬದಲಿಗೆ ಬರುವ ಗಮಕದ ತಂತಿ. ಹೀಟರ್ ಕಾಯಿಲ್ ಮಾಡುವ ನೈಕ್ರೋಮ್ ತಂತಿ, 0.3 ಮಿಲಿಮೀಟರ್ ದಪ್ಪದ್ದು, ಅರವತ್ತು ಸೆಂಟಿಮೀಟರ್ ಉದ್ದ. ಒಂದು ಹಲಗೆಯ ಮೇಲೆ ಹಿತ್ತಾಳೆಯ ಪಟ್ಟಿ ಕೂರಿಸಿ, ಅದರಿಂದ ಎರಡು ಮೂರು ಮಿಲಿಮೀಟರ್ ಎತ್ತರದಲ್ಲಿ ಈ ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿ. ತಂತಿಯ ರೆಸಿಸ್ಟೆನ್ಸ್ ಒಟ್ಟು ಸುಮಾರು ಒಂಬತ್ತು ಓಮ್ ಬರುತ್ತದೆ. ಅದರಲ್ಲಿ ಒಂದೇ ಸಮನಾಗಿ 20 ಮಿಲಿಆಂಪಿಯರ್ ಹರಿಸಿದರೆ ತುದಿಯಿಂದ ತುದಿಗೆ ಸುಮಾರು 0.19 ವೋಲ್ಟ್. ಅದನ್ನು ಟಿಎಲ್072 ಐಸಿಯಿಂದ ಹತ್ತು ಹನ್ನೊಂದು ಪಟ್ಟು ಹಿಗ್ಗಿಸಿದರೆ ಎರಡು ವೋಲ್ಟ್, ಅಂದರೆ ಎರಡು ಸ್ಥಾಯಿ. ಬೆರಳಿನಿಂದ ತಂತಿಯನ್ನು ಪಟ್ಟಿಗೆ ಒತ್ತಿದ ಜಾಗದ ವೋಲ್ಟೇಜ್ ಪಟ್ಟಿಗೆ ಇಳಿದು ಆಸಿಲೇಟರಿಗೆ ಹೋಗುತ್ತದೆ. ಬೆರಳೆತ್ತಿದ ಮೇಲೆ ಕೊನೆಯ ಸ್ವರ ಉಳಿಯಲೆಂದು ಒಂದು ಸಣ್ಣ ಕಂಡೆನ್ಸರ್ ಆ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುತ್ತದೆ.

ವೀಣೆಯಲ್ಲಿ ಮೇಲೆ ಹೋದಂತೆ ಮೆಟ್ಟಿಲುಗಳು ಹತ್ತಿರವಾಗುತ್ತವೆ. ಈ ತಂತಿಯಲ್ಲಿ ಹಾಗಿಲ್ಲ. ಮಧ್ಯಸ್ಥಾಯಿಗೆ ಮೂವತ್ತು ಸೆಂಟಿಮೀಟರ್, ತಾರಸ್ಥಾಯಿಗೂ ಅಷ್ಟೇ. ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಬಾಗುವುದಿಲ್ಲ, ಬೆರಳನ್ನು ಉದ್ದಕ್ಕೆ ಸರಿಸಬೇಕು. ಹಾಗಾಗಿ ಇದು ವೀಣೆಗಿಂತ ಮೆಟ್ಟಿಲಿಲ್ಲದ ಗೋಟುವಾದ್ಯಕ್ಕೆ ಹತ್ತಿರ. ಪಂಚಮ ಷಡ್ಜದಿಂದ ಹದಿನೇಳೂವರೆ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಕೀಬೋರ್ಡಿನ ಸಮಭಾಗದ ಲೆಕ್ಕದಲ್ಲಿ ಅಂತರ ಗಾಂಧಾರ ಹತ್ತು ಸೆಂಟಿಮೀಟರಿನಲ್ಲಿರಬೇಕು; ತಂಬೂರಿಯಲ್ಲಿ ಕೇಳುವ ನಾಲ್ಕಕ್ಕೆ ಐದರ ಗಾಂಧಾರವಾದರೋ 9.66ರಲ್ಲಿ. ನಡುವಿನ ಅಂತರ ಮೂರೂವರೆ ಮಿಲಿಮೀಟರ್, ವೋಲ್ಟೇಜಿನಲ್ಲಿ ಹನ್ನೊಂದು ಮಿಲಿವೋಲ್ಟಿಗೆ ತುಸು ಹೆಚ್ಚು. ಹಾರ್ಮೋನಿಯಂ ಜೊತೆ ಹಾಡುವಾಗ ನಮ್ಮ ಗಾಯಕರನ್ನು ತಲೆಮಾರುಗಳಿಂದ ಕಾಡಿದ ಅಂತರ ಇದೇ. ಇಲ್ಲಿ ಅದು ಬೆರಳಿನ ತುದಿಯಲ್ಲಿ ತೀರ್ಮಾನವಾಗುತ್ತದೆ, ಯಾರ ಅಪ್ಪಣೆಯೂ ಬೇಡ.

ಒಂದು ಎಚ್ಚರಿಕೆ. ಸ್ವರ ನುಣುಪಾಗಿ ಜಾರಲಿ ಎಂದು ಅನೇಕ ನಕ್ಷೆಗಳಲ್ಲಿ ವೋಲ್ಟೇಜನ್ನು ನಿಧಾನಿಸುವ ರೆಸಿಸ್ಟರ್ ಮತ್ತು ಕಂಡೆನ್ಸರ್ ಇರುತ್ತವೆ. ಕೀಬೋರ್ಡಿಗೆ ಅದು ಚೆನ್ನು, ತಂತಿಗೆ ವಿಷ. ಆ ನಿಧಾನ 100 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ ಐದು ಸಲ ಆಡುವ ಕಂಪಿತ ಗಮಕದ ಹರವು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ. ಬೆರಳು ಆಡಿದ್ದೇ ಒಂದು, ಕೇಳಿದ್ದೇ ಒಂದು. ಹತ್ತು ಮಿಲಿಸೆಕೆಂಡಿನ ಒಳಗಿದ್ದರೆ ಗಮಕ ಬಹುಪಾಲು ಪೂರ್ತಿಯಾಗಿ ಬರುತ್ತದೆ.

ವಿದ್ಯುತ್ತಿನ ವಿಷಯ. ಈ ಸರ್ಕ್ಯೂಟುಗಳಿಗೆ ಧನ 12, ಋಣ 12 ಎರಡೂ ಬೇಕು. ಕಲಿಯುವಾಗ 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ನಡುವಿನ ಬಿಂದುವನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಮುಂದೆ 15-0-15 ಟ್ರಾನ್ಸ್‌ಫಾರ್ಮರ್, 7812, 7912 ರೆಗ್ಯುಲೇಟರ್. ನೋಡಲು ಒಂದೇ ತರ ಇದ್ದರೂ ಈ ಎರಡರ ಕಾಲುಗಳ ಕ್ರಮ ಬೇರೆ ಬೇರೆ, ಗುರುತು ಹಾಕಿಕೊಂಡೇ ಬೆಸುಗೆ ಹಾಕಿ. 230 ವೋಲ್ಟ್ ಬರುವ ಭಾಗಕ್ಕೆ ಫ್ಯೂಸ್ ಇರಲಿ, ಮುಚ್ಚಳವಿರಲಿ. ಮಕ್ಕಳು ಕಟ್ಟುವಾಗ ಆ ಭಾಗವನ್ನು ತಿಳಿದ ಹಿರಿಯರೇ ಮಾಡಲಿ.

ಮೊದಲ ಆಸಿಲೇಟರ್ ಎರಡು ಸ್ಥಾಯಿ ನೆಟ್ಟಗೆ ನಡೆದ ಮೇಲೆ ಇನ್ನೆರಡನ್ನು ಕಟ್ಟಿ ಷಡ್ಜ ಪಂಚಮಗಳಲ್ಲಿ ನಿಲ್ಲಿಸಿ. ಷಡ್ಜ 130 ಆದರೆ ಪಂಚಮ 195 ಇರಬೇಕು. ಷಡ್ಜದ ಮೂರರಷ್ಟೂ ಪಂಚಮದ ಎರಡರಷ್ಟೂ ಆಗ 390ರಲ್ಲಿ ಕೂಡುತ್ತವೆ. ಕೀಬೋರ್ಡಿನ ಪಂಚಮವಾದರೆ ಎರಡು ಸೆಕೆಂಡಿಗೆ ಸ್ವಲ್ಪ ಮೀರಿ ಒಂದೊಂದು ಸಲ ದನಿ ಉಬ್ಬಿ ಇಳಿಯುವುದು ಕೇಳುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಟ್ರಿಮ್‌ಪಾಟ್ ಎಂಬ ಪುಟ್ಟ ಪಾಟನ್ನು ಕೂದಲೆಳೆಯಷ್ಟೇ ತಿರುಗಿಸಿ, ತಿರುಪಿನ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಾಕಿ ಭದ್ರ ಮಾಡಿ. ಈ ಶ್ರುತಿಯ ಮೇಲೆ ತಂತಿಯಲ್ಲಿ ಮೊದಲು ಮೋಹನ ನುಡಿಸಿ ನೋಡಿ. ಅದರ ಐದು ಸ್ವರಗಳ ಜಾಗ ಬೆರಳಿಗೆ ಬೇಗ ಕೂರುತ್ತದೆ. ಆಮೇಲೆ ಕಲ್ಯಾಣಿ, ಶಂಕರಾಭರಣ. ತೋಡಿಯ ಗಾಂಧಾರವನ್ನು ಎತ್ತಿಕೊಳ್ಳುವಾಗ ಮಾತ್ರ ಹಾಡು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಹಾಡಲಿ, ನೀವು ತಂತಿಯಲ್ಲಿ ಹಿಂಬಾಲಿಸಿ.